ಹರಿಯಲೆಂದೇ ಕೊಂಡ ಕಾಗದ

ಚೌಕಿಪೇಟೆಯ ಕೊಟ್ರಬಸಪ್ಪನ ಅಂಗಡಿಯಲ್ಲಿ
ಕಾಗದ ಕೇಳುವುದು ಸುಲಭ, ಎಂಥದ್ದೆಂದು ಹೇಳುವುದು ಕಷ್ಟ.
'ಬರಿಯಾಕಾ?' ಅಲ್ಲ.
'ಕಟ್ಟಾಕಾ?' ಅಲ್ಲ.
'ಮತ್ತ್ಯಾಕ್ರೀ?'
ಹರಿಯೋಕೆ, ಅಂದೆ.
ತೂಕದ ಬೊಟ್ಟು ಕೈಯಲ್ಲಿ ಹಿಡಿದವನು ಹಾಗೇ ನಿಂತ.

ಬಿಡಿಸಿ ಹೇಳಿದೆ: ಕೌದಿ ಕಣಪ್ಪಾ, ತುಂಡು ಜೋಡಿಸೋ ಕೌದಿ.
ಕಾಗದದ ಮೇಲೆ ಗೆರೆ, ಗೆರೆಯ ಬೆನ್ನಿಗೆ ಬಟ್ಟೆ,
ಗೆರೆ ಹಿಡಿದೇ ಹೊಲಿಗೆ.
ಎಂಟು ಮೂಲೆಯ ಚುಕ್ಕಿ
ಒಂದು ತುದಿಯೂ ಮೊಂಡಾಗದೆ ಕೂತ ಮೇಲೆ
ಕಾಗದಕ್ಕೆ ಕೆಲಸವಿಲ್ಲ, ಕಿತ್ತು ತೆಗೆಯಬೇಕು.
'ಹಂಗಾರೆ ತೆಳ್ಳಂದು ಕೊಡ್ತೀನಿ.'
ತೆಳ್ಳಗಿದ್ದರಷ್ಟೇ ಸಾಲದು, ಕೊಟ್ರಬಸಪ್ಪಾ.

ಸಾಲದೆಂದು ನನಗೆ ತಿಳಿದದ್ದೂ ಕೆಡಿಸಿಯೇ.

ಮೊದಲು ದಿನಪತ್ರಿಕೆ. ಪುಕ್ಕಟೆ ಸಿಗುತ್ತದಲ್ಲ.
ಇಸ್ತ್ರಿ ತಾಗಿದ್ದೇ ಬಿಳಿ ಪಾಪ್ಲಿನ್ ಮೇಲೆ
ಮೆಕ್ಕೆಜೋಳದ ಧಾರಣೆ ಮೂಡಿತು,
ಕನ್ನಡಿ ಹಿಡಿದರೆ ಮಾತ್ರ ಓದಲು ಬರುವಂತೆ.

ಆಮೇಲೆ ಮಗಳ ನೋಟ್‌ಬುಕ್ಕಿನ ಹಾಳೆ.
ಗಟ್ಟಿ. ಅತಿ ಗಟ್ಟಿ.
ಕಿತ್ತರೆ ಹೊಲಿಗೆಯೂ ಜೊತೆಗೇ ಬಂತು,
ಹೊರಟ ನೆಂಟರ ಸೆರಗು ಹಿಡಿದು
ಬಸ್‌ಸ್ಟ್ಯಾಂಡಿನವರೆಗೂ ಬರುವ ಕೂಸಿನ ಹಾಗೆ.

ಬಟರ್ ಪೇಪರ್ ಇಸ್ತ್ರಿ ಕಂಡರೆ ಸುರುಳಿ.
ಗಾಳಿಪಟದ ಹಾಳೆ
ಸೂಜಿ ಬರುತ್ತಿದೆ ಎಂಬ ಸುದ್ದಿಗೇ ಹರಿಯಿತು.
ನಾದಿನಿ ಸುಮಿತ್ರಾ ಮೆಣಸಿನಕಾಯಿ ಕಟ್ಟಿದ್ದ ಕಾಗದ ಬಿಡಿಸಿ
'ಇದೂ ಒಂದ್ ನೋಡು ವೈನಿ' ಎಂದಳು;
ಮೆಣಸಿನಕಾಯಿ ತಿಂದೆವು,
ಕಾಗದವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅತ್ತೆ ರುಕ್ಮಾಬಾಯಿಗೆ ಇದೆಲ್ಲ ತಮಾಷೆ.
ಮಿಲ್ಲಿನ ತುಂಡುಬಟ್ಟೆಯಲ್ಲಿ ಮೂವತ್ತು ಕೌದಿ ಹೊಲಿದವರು
ಒಂದಕ್ಕೂ ಗೆರೆ ಎಳೆದವರಲ್ಲ.
'ಕಣ್ಣು ಇಟ್ಕೊಂಡು ಕಾಗದ ಹುಡುಕ್ತೀಯಲ್ಲೇ!'
ನಿಮ್ಮ ಕಣ್ಣು ನನಗೆ ಬಳುವಳಿ ಬರಲಿಲ್ಲ, ಅತ್ತೀ.
ಟೇಪು ಬಂತು, ಕತ್ತರಿ ಬಂತು.

ಬೇಕಾದ್ದು ಇಷ್ಟೇ:
ಹೊಲಿಯುವಾಗ ಹಟ ಹಿಡಿಯಬೇಕು,
ಕೀಳುವಾಗ ಬಿಟ್ಟುಕೊಡಬೇಕು.
(ಅಂಥ ಮನುಷ್ಯರು ನಮ್ಮ ಓಣಿಯಲ್ಲಿ ಇಬ್ಬರೋ ಮೂವರೋ.)

ಕೊಟ್ರಬಸಪ್ಪ ತಲೆ ಕೆರೆದುಕೊಂಡು, ಅಟ್ಟ ಹತ್ತಿ,
ಸೆಣಬಿನ ಹುರಿ ಬಿಗಿದ ಒಂದು ಕಟ್ಟು ಇಳಿಸಿದ.
ಬೇತೂರು ರಸ್ತೆಯ ಫಕ್ರುದ್ದೀನ್ ಮಾಸ್ತರರ
ಟೈಪಿಂಗ್ ಶಾಲೆ ಮುಚ್ಚಿದಾಗ
ಯಂತ್ರಗಳು ಗುಜರಿಗೆ, ಹಾಳೆಗಳು ಇವನಿಗೆ,
ಎರಡೂ ತೂಕದ ಮೇಲೆ.
ಕಾರ್ಬನ್ನಿನ ಕೆಳಗಿಡುವ ನಕಲು ಹಾಳೆ.
ಬೆಳಕಿಗೆ ಹಿಡಿದರೆ ಈರುಳ್ಳಿ ಸಿಪ್ಪೆ.

ಚಿಂದಿಯ ಮೇಲಿಟ್ಟು ಇಸ್ತ್ರಿ ಒತ್ತಿದೆ:
ಇಪ್ಪತ್ತೆರಡು ವರ್ಷದ ಮಸಿ, ಕದಲಲಿಲ್ಲ.
ಯಂತ್ರದ ಟಾಕು ಸಣ್ಣಗೆ ಮಾಡಿದೆ,
ತೂತಿಗೆ ತೂತು ಹತ್ತಿರ ಬರುವಷ್ಟು.
ಮೊಂಡಾದ ಹಳೆಯ ಸೂಜಿ ಹಾಕಿದೆ;
ಕಾಗದ ತಿಂದ ಸೂಜಿ ಮತ್ತೆ ರೇಷ್ಮೆಗೆ ಆಗದು.

ನನ್ನ ಚುಕ್ಕಿಯ ಗೆರೆಯಡಿಯಲ್ಲಿ ಯಾರದೋ ಅಭ್ಯಾಸ:
ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ
ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ
ಏಳನೇ ಸಾಲಿನಲ್ಲಿ ಒಂದು ಒತ್ತು ತಪ್ಪಿ,
ಅದರ ಸುತ್ತ ಮಾಸ್ತರರ ಕೆಂಪು ಪೆನ್ಸಿಲ್ಲು.
ಕೆಳಗೆ: ನಾಗವೇಣಿ ಕೆ., ಸಂಜೆ ಆರರ ಬ್ಯಾಚು.
ವಿಷಯ ಏನಿತ್ತೋ, ಕೆಲಸ ಸಿಕ್ಕಿತೋ,
ಹಾಳೆಯಲ್ಲಿ ಅದಿಲ್ಲ.
ಮಾನ್ಯರ ಮೇಲೆಯೇ ಹೊಲಿದೆ.

ಕಿತ್ತಾಗ ಸೊರ್ರೆಂದಿತು,
ಮಾಗಿದ ಹುಣಸೆ ಸಿಪ್ಪೆ ಬಿಟ್ಟಂತೆ.
ಎಂಟೂ ತುದಿ ಚೂಪು.
ಅತ್ತೆ ಕನ್ನಡಕ ಏರಿಸಿ, ಬೆರಳಾಡಿಸಿ
ಏನೂ ಹೇಳದೆ ಹಿಂಬದಿ ತಿರುಗಿಸಿದರು.
ಮಡಿಕೆಯೊಳಗೆ ಒಂದು ಚೂರು ಉಳಿದಿತ್ತು,
ಚಿಮಟಕ್ಕೂ ಸಿಗದಷ್ಟು:
ಇಂತಿ ತಮ್ಮ ವಿಶ್ವಾ

ಮೊದಲ ಒಗೆತಕ್ಕೆ ಹೋದರೆ ಹೋಗಲಿ ಅಂದೆ.
'ಇರಲಿ ಬಿಡು' ಅಂದರು ಅತ್ತೆ,
ಅಸ್ತರು ಮುಚ್ಚಿದರು.